ಬೆಕ್ಕಿಗೆ ಎಸಳು ಬಂದದ್ದು

"ಇನ್ಮೇಲೆ ಗೀಚಿದವನಿಗೇ ಅರ್ಥವಾಗದ ಚಿತ್ರಾನೂ ನನ್ನ ಕಂಪ್ಯೂಟರಿಗೆ ಅರ್ಥವಾಗುತ್ತೆ!" ಎಂದು ಕುನಿಹಾರು ಮಿಸೊ ಸಾರಿನ ಬಟ್ಟಲೆತ್ತಿ ಘೋಷಿಸಿದ.

ಕೈಯಲ್ಲಿ ಗೀಚಿದ ಚಿತ್ರಗಳನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸುವುದು ಅವನ ಕೆಲಸ. ಶುಕ್ರವಾರ ಮೇಲಧಿಕಾರಿ ಅರಿಮುರಾ ಅವರ ಮುಂದೆ ಪರೀಕ್ಷೆ. ಸೋತರೆ ಉಗ್ರಾಣಕ್ಕೆ ವರ್ಗ! ಕೊಡೆ, ಮೀನುಗಳನ್ನೆಲ್ಲ ತಾನೇ ಬಿಡಿಸಿ ಕಲಿಸಿದ್ದ. ಬೆಕ್ಕು ಮಾತ್ರ ಕೈಗೆ ಬಗ್ಗಲಿಲ್ಲ. ಮಹಾಶಯ ಬಿಡಿಸಿದ ಬೆಕ್ಕೆಲ್ಲ ಟೀ ಕೆಟಲ್ ಆಗುತ್ತಿತ್ತು.

ಹೆಂಡತಿ ಮಿಚಿಯೊ ಒಂದನೇ ತರಗತಿಯ ಟೀಚರ್. ತನ್ನ ತರಗತಿಯ ಮಕ್ಕಳಿಂದ ಬೆಕ್ಕು ಬರೆಸಿ ಒಂದು ಕಟ್ಟು ತಂದುಕೊಟ್ಟಳು.

"ಒಂದ್ಸಲ ನೋಡ್ಕೊಳ್ರೀ."

"ನಾನ್ಯಾಕೆ ನೋಡ್ಲಿ? ನೋಡೋಕೇ ಅಲ್ವಾ ಕಂಪ್ಯೂಟರ್ ಇರೋದು?" ಎಂದವನೇ ಕಟ್ಟನ್ನು ಹಾಗೇ ಸ್ಕ್ಯಾನರಿಗೆ ಉಣಿಸಿದ.

ಶುಕ್ರವಾರ ಬಂತು. ಅರಿಮುರಾ ಕ್ಯಾಮೆರಾದ ಕೆಳಗೆ ಕಾಗದವಿಟ್ಟು, ಇನ್ನೇನು ಮಿಯಾಂವ್ ಅನ್ನಬೇಕು ಅಂಥ ಬೆಕ್ಕು ಬಿಡಿಸಿದರು.

"ಗೊತ್ತಿಲ್ಲ," ಎಂದಿತು ಕಂಪ್ಯೂಟರ್.

ಮೀಸೆ ತಿದ್ದಿದರು. "ಗೊತ್ತಿಲ್ಲ." ಬಾಲ ಎಳೆದರು. "ಗೊತ್ತಿಲ್ಲ."

ರೇಗಿಹೋಗಿ ತಮ್ಮ ಮಧ್ಯಾಹ್ನದ ಊಟವನ್ನೇ ಬಿಡಿಸಿದರು: ಒಂದು ಬಟ್ಟಲು ರಾಮೆನ್ ನೂಡಲ್ಸ್, ಮೇಲೆ ಅಂಚೆಲ್ಲ ಹಲ್ಲುಹಲ್ಲಾಗಿ ನಡುವೆ ಸುರುಳಿಯಿರುವ ಮೀನಿನ ಬಿಲ್ಲೆ.

"ಬೆಕ್ಕು!" ಎಂದು ಕಂಪ್ಯೂಟರ್ ಸಂಭ್ರಮದಿಂದ ಕೂಗಿತು.

"ಈಗ ತಾನೆ ಅದನ್ನೇ ತಿಂದು ಬಂದಿದೀನಿ ಕಣಯ್ಯಾ!" ಅರಿಮುರಾ ಹೊಟ್ಟೆ ಹಿಡಿದುಕೊಂಡರು. "ಸೋಮವಾರದೊಳಗೆ ಸರಿಮಾಡು. ಇಲ್ಲಾಂದ್ರೆ ಉಗ್ರಾಣದ ಬೀಗದಕೈ ತಗೋ!"

ಕುನಿಹಾರು ಕಂಪ್ಯೂಟರನ್ನು ಹೊತ್ತು ಮನೆಗೆ ಓಡಿಬಂದು ಕಟ್ಟು ಬಿಚ್ಚಿದ. ಪ್ರತಿಯೊಂದು ಬೆಕ್ಕಿನ ಮೇಲೂ ಕೆಂಪು ಶಾಯಿಯ ಸುರುಳಿ, ಸುತ್ತ ಎಸಳು! ಟೀಚರುಗಳು ಶಹಬ್ಬಾಸ್‌ಗಿರಿಗೆ ಹಾಕುವ ಹೂವು. ಕಂಪ್ಯೂಟರ್ ಪಾಪ, ಎಲ್ಲದರಲ್ಲೂ ಒಂದೇ ಥರ ಕಂಡ ಹೂವನ್ನೇ ಬೆಕ್ಕೆಂದು ನಂಬಿ, ಮೀಸೆ ಬಾಲಗಳನ್ನು ಅಲಂಕಾರವೆಂದು ತಳ್ಳಿಹಾಕಿತ್ತು.

"ಏನೇ ಇದು? ನನ್ನ ನೌಕರಿಗೇ ಹೂವಿಟ್ಟಿದೀಯಲ್ಲೇ!"

"ಮಕ್ಕಳು ಬರೆದುಕೊಟ್ಟಾಗ ಹೂವು ಹಾಕ್ದೆ ಇರೋಕಾಗುತ್ತೇನ್ರೀ? ಅಳ್ತವೆ."

"ಎಲ್ಲಕ್ಕೂನಾ?"

"ಒಬ್ರಿಗೆ ಹಾಕಿ ಒಬ್ರಿಗೆ ಬಿಟ್ರೆ ಅವರಮ್ಮಂದಿರು ಬರ್ತಾರೆ. ನೀವು ಮಾತಾಡ್ತೀರಾ ಅವರ ಹತ್ರ?"

ಕುನಿಹಾರು ಕೈಮುಗಿದ. "ಹೂವಿಲ್ಲದ ಬೆಕ್ಕು ಬರೆಸಿಕೊಡೇ, ನಿನ್ನ ದಮ್ಮಯ್ಯ!"

"ನಾಳೆಯಿಂದ ರಜ. ನೀವೇ ಬರೀರಿ."

ನಾಲಗೆ ಕಚ್ಚಿಕೊಂಡು, ಬೆವರು ಒರೆಸಿಕೊಂಡು, ಕುನಿಹಾರು ಮೊದಲ ಬೆಕ್ಕನ್ನು ಮುಗಿಸಿ ಮುಂದೆ ತಳ್ಳಿದ. ಮಿಚಿಯೊ ತಲೆ ಓರೆ ಮಾಡಿ ನೋಡಿದಳು. ಅವಳಿಗೆ ಕನಿಕರ ಉಕ್ಕಿತು.

"ಕೆಟಲ್ ಪರವಾಗಿಲ್ಲ ಕಣ್ರೀ. ಮೂತಿ ಚೆನ್ನಾಗಿ ಬಂದಿದೆ," ಎನ್ನುತ್ತಲೇ ಕೈ ತಡೆಯಲಾರದೆ ಅದರ ಮೇಲೊಂದು ಕೆಂಪು ಹೂವು ಸುತ್ತಿಬಿಟ್ಟಳು.

ಮೇಜಿನ ಮೇಲಿದ್ದ ಕಂಪ್ಯೂಟರಿನ ಕ್ಯಾಮೆರಾ ಕಣ್ಣುಬಿಟ್ಟಿತು.

"ಬೆಕ್ಕು!"

ಕುನಿಹಾರುವಿನ ಕಣ್ಣಲ್ಲಿ ನೀರು ಬಂತು. ಹುಟ್ಟಿದಂದಿನಿಂದ ಅವನು ಬಿಡಿಸಿದ ಬೆಕ್ಕನ್ನು ಬೆಕ್ಕೆಂದು ಒಪ್ಪಿಕೊಂಡದ್ದು ಅದೊಂದೇ.