ನಂದೇನೂ ತಕರಾರಿಲ್ರಿ

ನಮ್ಮ ಓಣಿಯ ಮೂಲೆಯ ನಳಕ್ಕೆ ತಿರುಗಿಸುವ ಚಾವಿ ಇರಲಿಲ್ಲ. ಅದರ ಬಾಯಿಗೆ ಹಳೆಯ ಸೀರೆಯ ಚೂರು ಸುತ್ತಿದ ಗೋವಿನಜೋಳದ ದಿಂಡೊಂದನ್ನು ತುರುಕಿರುತ್ತಿದ್ದರು. ನೀರು ಬೇಕಾದವರು ಅದನ್ನು ಕಿತ್ತು, ಕೊಡ ತುಂಬಿಸಿಕೊಂಡು, ಮತ್ತೆ ತುರುಕಿ ಹೋಗಬೇಕು. ಮರೆತು ಹೋದವರನ್ನು ಎದುರುಮನೆಯ ಶಾಂತಾ ಕಾಕೂ ಒಲೆಯ ಮುಂದೆ ಕೂತಲ್ಲಿಂದಲೇ ಮರಾಠಿಯಲ್ಲಿ ಬೈಯುತ್ತಿದ್ದರು. ಆ ಬೈಗುಳಕ್ಕೆ ಹೆದರಿ ನಮ್ಮ ಓಣಿಯಲ್ಲಿ ಹನಿ ನೀರೂ ಪೋಲಾಗುತ್ತಿರಲಿಲ್ಲ. ಇಂಥ ನಳ ಇನ್ನೇನು ಕಿತ್ತುಹೋಗುವುದರಲ್ಲಿತ್ತು. ಅದರಲ್ಲಿ ನನ್ನ ಕೈವಾಡವೂ ಇತ್ತು. ಕೈವಾಡ ಎನ್ನುವುದಕ್ಕಿಂತ ಬಾಯಿವಾಡ ಎಂದರೆ ಸರಿಯಾದೀತು.

ಊರಿಗೆ ಉಪಕಾರವಾಗುವ ಹಾಗೆ ಬದುಕಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇದೆ. ಆದರೆ ಆ ಉಪಕಾರ ಯಾರಿಗೂ ಗೊತ್ತಾಗಬಾರದು, ಸಾಧ್ಯವಾದರೆ ಯಾರೊಡನೆಯೂ ಮಾತಾಡದೆ ಆಗಿಹೋಗಬೇಕು. ನಿಪ್ಪಾಣಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ನನಗೆ ಕೆಲಸ; ಸುಮ್ಮನಿರುವುದಕ್ಕೂ ಇತರರನ್ನು ಸುಮ್ಮನಿರಿಸುವುದಕ್ಕೂ ಸಂಬಳ ಕೊಡುವ ಜಾಗ. ಅಲ್ಲಿಗೆ ಬರುವ ಪತ್ರಿಕೆಗಳು ಊರಿಗಾಗಿ ನಾವೇನು ಮಾಡಬಹುದೆಂದು ಆಗಾಗ ತಿಳಿಹೇಳುತ್ತಿದ್ದವು. ಗಿಡ ನೆಡಿ, ರಕ್ತ ಕೊಡಿ, ಸಭೆಗೆ ಹೋಗಿ. ಗಿಡ ನೆಡಲು ಹೋದೆ. ಫೋಟೋ ತೆಗೆಯುವವರೆಗೆ ಒಂದು ಸಸಿಯನ್ನು ಊರಿನ ಅರ್ಧ ಹಿರಿಯರು ಹಿಡಿದುಕೊಂಡು ನಿಂತಿದ್ದರು; ಆಮೇಲೆ ಮಣ್ಣು ಮುಚ್ಚುವ ಹೊತ್ತಿಗೆ ಉಳಿದದ್ದು ನಾನು ಮತ್ತು ಒಂದು ಆಡು. ಆಡಿನ ಉದ್ದೇಶ ಬೇರೆಯಿತ್ತು. ರಕ್ತದಾನ ಅದಕ್ಕಿಂತ ಹಿಡಿಸಿತ್ತು, ಮಲಗಿಕೊಂಡು ಮಾಡುವ ಸಮಾಜಸೇವೆ ಎಂದು. ತೂಕ ಸಾಲದೆಂದು ಅಲ್ಲಿಯ ನರ್ಸಬಾಯಿ ಎಬ್ಬಿಸಿ, “ಮೊದಲ ನೀವ ಯಾರದರ ರಕ್ತ ತಗೋರಿ” ಎಂದು ಕೈಗೊಂದು ಬಿಸ್ಕೀಟಿನ ಪುಡಿಕೆ ಕೊಟ್ಟು ಕಳಿಸಿದರು. ಇನ್ನು ಉಳಿದದ್ದು ಸಭೆ.

ಸಭೆಗೆ ಹೋಗುವ ಮೊದಲು ನನ್ನದೊಂದು ಮಾತಿನ ಬಗ್ಗೆ ಹೇಳಬೇಕು. ‘ನಂದೇನೂ ತಕರಾರಿಲ್ರಿ.’ ಇದನ್ನು ನಾನು ದಿನಕ್ಕೆಷ್ಟು ಸಲ ಹೇಳುತ್ತೇನೋ ನನಗೇ ತಿಳಿಯದು. ಯಾರು ಏನು ಕೇಳಿದರೂ, ಕೇಳಿದ್ದು ಕಿವಿಗೆ ಮುಟ್ಟುವ ಮೊದಲೇ ಅದು ಹೊರಬಿದ್ದಿರುತ್ತದೆ. ಒಮ್ಮೆ ಚಿಕ್ಕೋಡಿಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕದ ಅಜ್ಜಿ, “ಏನೂ ತಕರಾರಿಲ್ಲಲ್ಲ, ತಂಗಿ?” ಎಂದರು. ನಾನು ಎಂದಿನ ಉತ್ತರ ಕೊಟ್ಟೆ. ಮರುಗಳಿಗೆಗೆ ನನ್ನ ತೊಡೆಯ ಮೇಲೆ ಕಾಲು ಕಟ್ಟಿದ ಒಂದು ಕೋಳಿ ಇತ್ತು. ನಿಪ್ಪಾಣಿಯವರೆಗೂ ಅದು ನನ್ನನ್ನು, ನಾನು ಅದನ್ನು ನೋಡುತ್ತ ಬಂದೆವು; ನನಗಿಂತ ಅದೇ ಹೆಚ್ಚು ತಕರಾರು ಮಾಡಿತು. ಜನ ಇದನ್ನು ನನ್ನ ಒಳ್ಳೆಯ ಗುಣವೆಂದು ತಿಳಿದಿದ್ದಾರೆ. ಅವ್ವನಿಗೆ ಮಾತ್ರ ಗೊತ್ತು. “ಒಳಗಿಂದ ಅಗಳಿ ಹಾಕ್ಕೊಂಡ ಕುಂತಾಕಿ ನೀ. ಬಾಗಲಾ ಬಡದವರಿಗೆ ‘ಯಾರೂ ಇಲ್ಲ’ ಅಂತ ಒಳಗಿಂದನ ಹೇಳ್ತಿ” ಎನ್ನುತ್ತಾಳೆ.

ಆ ಭಾನುವಾರ ಶಾಲೆಯ ವರಾಂಡಾದಲ್ಲಿ ವಾರ್ಡ್ ಸಭೆ. ಒಬ್ಬಳೇ ಹೋಗಲು ಸಂಕೋಚವೆಂದು ಶಾಂತಾ ಕಾಕೂರನ್ನು ಕರೆದುಕೊಂಡು ಹೋದೆ. ಕಾಕೂ ಗಡಿಯಾಚೆಯಿಂದ ಮದುವೆಯಾಗಿ ಬಂದವರು. ತಂಬಾಕಿನ ವಖಾರಿನಲ್ಲಿ, ಅಂದರೆ ಗೋದಾಮಿನಲ್ಲಿ ಕೆಲಸ, ಒಂದು ಕೋಣೆಯ ಬಾಡಿಗೆ ಮನೆ. ಆ ಮನೆಗೆ ಮಾಲಕರು ನಳ ಹಾಕಿಸಿಕೊಟ್ಟಿಲ್ಲ. ಹೀಗಾಗಿ ಕಾಕೂಗೂ ಪಕ್ಕದ ಇಬ್ಬರು ಬಾಡಿಗೆಯವರಿಗೂ ಮೂಲೆಯ ನಳವೇ ಗತಿ. ಅದಿಲ್ಲದಿದ್ದರೆ ಹಳ್ಳದ ದಂಡೆಯ ಬೋರಿಂಗಿನವರೆಗೆ ಹೋಗಿ, ನೋಯುವ ಮೊಣಕಾಲಿನಲ್ಲಿ ಏರು ಹತ್ತಿ ಕೊಡ ಹೊತ್ತು ತರಬೇಕು. ಸಂತೆಗೆ ಸಾಲುವಷ್ಟು ಕನ್ನಡ ಕಾಕೂಗೆ ಬರುತ್ತದೆ. ಸಭೆಯ ಕನ್ನಡ ಸಂತೆಯ ಕನ್ನಡವಲ್ಲ.

ನಮ್ಮ ವಾರ್ಡಿನ ಮೆಂಬರ್ ಅಣ್ಣಾಸಾಬ ಎದ್ದು ನಿಂತು, ಓಣಿಯಲ್ಲಿ ಗಟಾರದ ಕೆಲಸ ಸುರುವಾಗುತ್ತದೆ, ಮೂಲೆಯ ಸಾರ್ವಜನಿಕ ನಳ ಅದಕ್ಕೆ ಅಡ್ಡ ಬರುತ್ತದೆ, ಮನೆಮನೆಗೂ ನಳ ಆಗಿರುವುದರಿಂದ ಅದನ್ನು ನಾಳೆಯೇ ತೆಗೆಸಲಾಗುವುದು ಎಂದು ಸರಕಾರಿ ಕನ್ನಡದಲ್ಲಿ ಉದ್ದಕ್ಕೆ ಹೇಳಿದರು. ಆಮೇಲೆ ನಮ್ಮ ಕಡೆ ತಿರುಗಿ, “ನಳದ ಬಗ್ಗೆ ಯಾರದರ ತಕರಾರ ಐತೇನ್ರಿ? ಕಾಕೂ, ನಿಮ್ಮದು?” ಎಂದರು.

ನಮ್ಮ ಕಡೆಯ ಗೋಳೇ ಇದು. ಕನ್ನಡದಲ್ಲಿ ತಕರಾರೆಂದರೆ ಆಕ್ಷೇಪ. ಮರಾಠಿಯಲ್ಲಿ ಅದೇ ಮಾತಿಗೆ ದೂರು ಎಂದರ್ಥ. ಕಾಕೂಗೆ ಆ ಭಾಷಣದಲ್ಲಿ ತಿಳಿದದ್ದು ಎರಡೇ ಮಾತು: ನಳ, ತಕರಾರು. ನಳದ ಮೇಲೆ ದೂರೇನಾದರೂ ಇದೆಯೇ ಎಂದು ಕೇಳುತ್ತಿದ್ದಾರೆ! ಬದುಕಿನಲ್ಲಿ ಮೊದಲ ಸಲ ಸಭೆಯೊಂದು ತಮ್ಮನ್ನು ಹೆಸರು ಹಿಡಿದು ಕೇಳಿದ ಸಂಭ್ರಮದಲ್ಲಿ ಕಾಕೂ ಎದ್ದು ಸೆರಗು ಹೊದ್ದು, “ತಕ್ರಾರ್? ನಾಹೀ ಹೋ! ಪಾಣೀ ಚಾಂಗಲಂ ಯೇತಂಯ” ಎಂದರು. ನೀರು ಚೆನ್ನಾಗಿ ಬರುತ್ತದೆ, ದೂರೇನೂ ಇಲ್ಲ. ‘ನಾಹೀ’ ಒಂದೇ ಸಾಕಾಗಿತ್ತು. ಮೆಂಬರು ಖುಷಿಯಿಂದ ನನ್ನತ್ತ ನೋಡಿದರು. “ಅಕ್ಕಾರ, ನೀವ ಶಾಣ್ಯಾರು. ನಿಮ್ಮದೇನರ?”

ಆ ವರಾಂಡಾದಲ್ಲಿ ನಡೆದ ಎಡವಟ್ಟು ನನಗೆ ಪೂರ್ತಿ ತಿಳಿದಿತ್ತು. ಹೇಳಬೇಕಾದ ವಾಕ್ಯವೂ ಸಿದ್ಧವಿತ್ತು; ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸರಿಯಾಗಿ ಜೋಡಿಸಿಕೊಂಡಿದ್ದೆ. ಎಲ್ಲರೂ ನನ್ನ ಕಡೆ ತಿರುಗಿದರು. “ನಂದೇನೂ ತಕರಾರಿಲ್ರಿ” ಎಂದಿತು ನನ್ನ ಬಾಯಿ.

ಮನೆಗೆ ಮರಳುವ ದಾರಿಯಲ್ಲಿ ಕಾಕೂ ಹಿಗ್ಗಿ ಹೋಗಿದ್ದರು. “ಕಸಂ ಬೋಲ್ಲೇ ಮೀ?” ಹೇಗೆ ಮಾತಾಡಿದೆ ಎಂದು ಮೂರು ಸಲ ಕೇಳಿದರು. ಹಿಟ್ಟಿನ ಗಿರಣಿಯ ಹತ್ತಿರ ನಿಂತು ನಾನು ನಡೆದದ್ದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಕಾಕೂ ಮೊಣಕಾಲು ಒತ್ತಿಕೊಳ್ಳುತ್ತ ಗಿರಣಿಯ ಕಟ್ಟೆಯ ಮೇಲೆ ಕುಳಿತರು. ನನಗೆ ನಾಟಲೆಂದೋ ಏನೋ, ಕನ್ನಡದಲ್ಲೇ ಕೇಳಿದರು: “ನನಗ ಒಂದ ಭಾಷಾ ಬರ್ತೈತಿ ಬಾಯೀ, ಅದಕ ತಪ್ಪಿದೆ. ನಿನಗ ಎರಡೂ ಬರ್ತಾವು. ನೀ ಯಾವ ಭಾಷಾದಾಗ ಸುಮ್ಮ ಕುಂತಿದ್ದಿ?”

ಗ್ರಂಥಾಲಯದಲ್ಲಿ ಇಂಥ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಮೌನ ಬಂಗಾರವೆಂದು ಅಲ್ಲಿ ಗೋಡೆಗೆ ಬರೆಸಿದ್ದಾರೆ. ಆ ಬಂಗಾರವನ್ನು ನಾನು ಮೈತುಂಬ ಹಾಕಿಕೊಂಡು ತಿರುಗಿದರೆ, ಕೊಡ ಹೊರುವುದು ಮಾತ್ರ ಇನ್ನೊಬ್ಬರ ಪಾಲಿಗೆ ಬರುತ್ತದೆ ಎಂಬುದು ಆ ಕಟ್ಟೆಯ ಹತ್ತಿರ ನಿಂತಾಗ ಹೊಳೆಯಿತು.

ಮರುದಿನ ಬೆಳಿಗ್ಗೆ ನಾನು ತಾಮ್ರದ ಕೊಡ ತೆಗೆದುಕೊಂಡು ಹೊರಟೆ. “ಮನ್ಯಾಗ ನಳ ಇಟಗೊಂಡ ಎಲ್ಲಿಗಿ ಹೊಂಟಿ?” ಎಂದಳು ಅವ್ವ. “ನೀರಿಗೆ” ಎಂದೆ. ಕೊಡವನ್ನು ಮೂಲೆಯ ನಳದ ಕೆಳಗಿಟ್ಟು ಪಕ್ಕದಲ್ಲಿ ನಿಂತೆ. ಕಾಕೂ ಬಂದು ದಿಂಡು ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಅಣ್ಣಾಸಾಬರ ಮೋಟಾರ್ ಸೈಕಲ್ ಬಂತು, ಹಿಂದೆ ನಳ ಬಿಚ್ಚುವ ಪಾನಾ ಹಿಡಿದ ವಾಟರ್‌ಮನ್.

“ಏನ ಅಕ್ಕಾರ, ನಿಮ್ಮ ಮನ್ಯಾಗ ನಳ ಐತಲ್ಲ?”

“ಐತ್ರಿ. ಕಾಕೂರ ಮನ್ಯಾಗ ಇಲ್ರಿ. ನನ್ನ ತಕರಾರ ಐತಿ.” ಬಂದದ್ದು ಗ್ರಂಥಾಲಯದ ದನಿ.

“ಏನಂದ್ರಿ? ಜೋರಾಗಿ ಹೇಳ್ರಿ, ಗಾಡಿ ಸಪ್ಪಳಾ.”

“ತಕರಾರ ಐತ್ರಿ!” ಎಂದೆ. ಓಣಿಯ ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಂಡವು. “ಕನ್ನಡದಾಗೂ ಐತಿ, ಮರಾಠಿಯಾಗೂ ಐತಿ!”

ಆಮೇಲೆ ನಿಂತಲ್ಲೇ ಎಲ್ಲವನ್ನೂ ಬಿಡಿಸಿ ಹೇಳಿದೆ. ಅಣ್ಣಾಸಾಬ ಗಾಡಿ ಬಂದ್ ಮಾಡಿ, “ಅಂದ್ರ ನಿನ್ನೆ ಕಾಕೂ ನನ್ನ ಹೊಗಳಿದ್ರನು?” ಎಂದು ನಕ್ಕರು. ವಾಟರ್‌ಮನ್ ಪಾನಾ ಎತ್ತಿದ್ದೇ ಕಾಕೂ ದಿಂಡು ಎತ್ತಿ, “ಹಾತ್ ಲಾವೂನ್ ಬಘ!” ಎಂದರು. ಮುಟ್ಟಿ ನೋಡು ಎಂಬ ಆ ಮಾತಿಗೆ ಯಾರೂ ಅನುವಾದ ಕೇಳಲಿಲ್ಲ. ಪಾನಾ ಕೆಳಗಿಳಿಯಿತು. ಕೊನೆಗೆ ಅಣ್ಣಾಸಾಬ ಗಟಾರದ ಗೆರೆಯನ್ನು ಕಾಲಲ್ಲೇ ಅಳೆದು, “ನಳಾ ಬಾಜೂಕ ಸರಸಿ ಹಾಕೂಣು ತಗೋರಿ, ತಗಿಯೂದ ಬ್ಯಾಡ” ಎಂದರು.

ನನ್ನ ಕೊಡ ತುಂಬಿ ಹರಿಯುತ್ತಿತ್ತು. ಕಾಕೂ ದಿಂಡು ತುರುಕಿ ನಳದ ಬಾಯಿ ಮುಚ್ಚಿದರು. ನಾನು ಕೊಡವನ್ನು ಸೊಂಟಕ್ಕೇರಿಸಿ ಹೊರಡುವಷ್ಟರಲ್ಲಿ ಅಣ್ಣಾಸಾಬ ಹಿಂದಿನಿಂದ ಕೂಗಿದರು: “ಅಕ್ಕಾರ, ಇನ್ನ ಮುಂದ ಎಲ್ಲಾ ಸಭಾಕ್ಕೂ ನೀವ ಬಂದ ಮುಂದ ಕುಂಡರಬೇಕ ನೋಡ್ರಿ. ಎರಡೂ ಕಡಿ ತಿಳಿಸಿ ಹೇಳಾಕ. ಕೈಯಾಗ ಮೈಕ ಕೊಡ್ತೀವಿ. ಏನೂ ತಕರಾರಿಲ್ಲಲ್ಲ?”

“ನಂದೇನೂ ತಕರಾರಿಲ್ರಿ” ಎಂದುಬಿಟ್ಟೆ.