ಬೀಳುವವರ ಹಾಸಿಗೆ

ಗಂಡನ ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಊರಿಗೆ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಹಾಲು ಕಾಯಿಸಲು ಹೊರಟವಳು ಅವನ ಹಾಸಿಗೆಗೆ ಎಡವಿ ಬಿದ್ದಳು. ಬಿದ್ದದ್ದು ಅದರ ಮೇಲೆಯೇ ಆದ್ದರಿಂದ ಏನೂ ಆಗಲಿಲ್ಲ. ಅದು ಇದ್ದದ್ದೇ ಅದಕ್ಕೆ.

ಗಂಡ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ. ರಜೆ ಬಂದರೆ ಟೈರ್ ಅಂಗಡಿಯವನನ್ನು ಕರೆದುಕೊಂಡು ಊರಾಚೆಯ ಮರಳುಗಾಡಿಗೆ ಹೋಗಿ ಬಂಡೆ ಹತ್ತುತ್ತಿದ್ದ. ಹಗ್ಗವಿಲ್ಲದೆ ಹತ್ತುವುದು, ಕೈ ಜಾರಿದರೆ ಬೀಳಲು ಕೆಳಗೆ ಈ ದಪ್ಪ ಹಾಸಿಗೆ. ಜ್ವರದಲ್ಲಿ ಮಲಗಿದ್ದಾಗ ಒಮ್ಮೆ ಹೇಳಿದ್ದ: "ಆ ಹಾಸಿಗೆ ನಮ್ಮದಲ್ಲ, ಕೇಳಿ ತಂದಿದ್ದು. ವಾಪಸ್ ಕೊಡ್ಬೇಕು." ಯಾರಿಗೆ ಎಂದು ಹೇಳಲಿಲ್ಲ.

"ಬಂಡೆ ಹತ್ಬೇಡಪ್ಪಾ ಅಂತ ಬಡ್ಕೊಂಡೆ, ಕೇಳಿದ್ನಾ?" ಎಂದಳು ಪಕ್ಕದ ಮನೆಯ ಅಕ್ಕ, ಚಾಪೆ ಸುತ್ತುತ್ತ.

"ಅಕ್ಕಾ, ಅವರು ಹೋಗಿದ್ದು ಜ್ವರದಿಂದ."

"ಜ್ವರ ಎಲ್ಲಿಂದ ಬಂತು? ಬಂಡೆಯಿಂದ್ಲೇ!"

ಅಕ್ಕ ಸಾವಾದ ದಿನದಿಂದ ಇಲ್ಲೇ ಮಲಗುತ್ತಿದ್ದಳು. ಅಡುಗೆಯೂ ಅವಳದೇ. ಅದರ ಋಣ ದೊಡ್ಡದು. ಆದರೆ ಇವಳಿಗೆ ಅಳು ಬಂದಾಗಲೆಲ್ಲ ಅಕ್ಕ ಮೊದಲೇ ಅತ್ತುಬಿಡುತ್ತಿದ್ದಳು. ಸಮಾಧಾನ ಮಾಡುವುದರಲ್ಲೇ ಇವಳ ಅಳು ಹಿಂದಕ್ಕೆ ಹೋಗುತ್ತಿತ್ತು. ಒಬ್ಬಳೇ ಕೂತು ಒಂದು ಸಲ ಅಳಬೇಕು, ಅಷ್ಟೇ. ಮೊದಲು ಹಾಸಿಗೆಯನ್ನು ಕಳಿಸುವುದು, ಆಮೇಲೆ ಅಕ್ಕನನ್ನು. ಹಾಸಿಗೆ ಟೈರ್ ಅಂಗಡಿಯವನದೇ ಇರಬೇಕು.

ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು, ಮನೆ ಖಾಲಿ ಮಾಡಿದ ಆಮೆಯಂತೆ ಅವಳು ಮರಳಿಗಿಳಿದಳು. ಟೈರ್ ಅಂಗಡಿಯವನು ಬಂಡೆಯ ನೆತ್ತಿಯಲ್ಲಿ ಕೂತಿದ್ದ, ಗೆಳೆಯನಿಲ್ಲದೆ ಸುಮ್ಮನೆ. ಕೂಗಿದರೆ ಗಾಳಿಯಲ್ಲಿ ಅವನಿಗೆ ಕೇಳಿಸಲಿಲ್ಲ. ಹಾಸಿಗೆಯನ್ನು ಬುಡದಲ್ಲಿ ಹಾಸಿ ನಾಲ್ಕು ಹೆಜ್ಜೆ ಹತ್ತಿದಳು. ಇನ್ನೂ ಕೇಳಿಸಲಿಲ್ಲ. ಮತ್ತಷ್ಟು ಹತ್ತಿದಳು. ಹತ್ತುವಾಗ ತಾವಾಗಿಯೇ ಸಿಕ್ಕ, ಕಾಲೂರುವ ಸಂದುಗಳು ಇಳಿಯಲು ನೋಡಿದರೆ ಮಾಯ!

ಅಷ್ಟರಲ್ಲಿ ಅವಳನ್ನು ಹುಡುಕಿಕೊಂಡು ಕೆಳಗೆ ನೀರಿನ ಟ್ಯಾಂಕರ್ ಬಂದು ನಿಂತಿತು. ಅದರಿಂದ ಅಕ್ಕ, ಅದನ್ನು ಓಡಿಸುವ ಅಕ್ಕನ ಗಂಡ, ಇಬ್ಬರೂ ಉರುಳಿದಂತೆ ಇಳಿದರು.

"ಅಯ್ಯೋ, ಹಾರ್ಬೇಡ ಕಣೇ! ನಾವಿಲ್ವಾ ನಿಂಗೆ?"

"ಹಾಸಿಗೆ ವಾಪಸ್ ಕೊಡೋಕೆ ಬಂದೆ ಅಕ್ಕಾ!"

"ಹಾಸಿಗೆ ಕೆಳಗಿದೆ, ನೀನು ಮೇಲಿದೀಯ!"

ಟೈರ್ ಅಂಗಡಿಯವನು ಇಣುಕಿದ. "ಅತ್ತಿಗೆ, ಹೆದರ್ಬೇಡಿ. ಹಾಸಿಗೆ ಸರಿಯಾದ ಜಾಗದಲ್ಲೇ ಇದೆ. ಸುಮ್ನೆ ಕೈ ಬಿಡಿ."

"ಬಿಡ್ಬೇಡ!" ಎಂದಳು ಅಕ್ಕ.

ಬೆರಳುಗಳು ಯಾರ ಮಾತನ್ನೂ ಕಾಯದೆ ಸೋತವು. ಒಂದು ಕ್ಷಣ ಮೈ ಹಗುರವಾಯಿತು. ಇದಕ್ಕಾಗಿಯೇ ಅವನು ಪ್ರತಿ ರಜೆಗೂ ಓಡಿಬರುತ್ತಿದ್ದನೇನೋ. ಧೊಪ್! ಹಾಸಿಗೆ ಅವಳನ್ನು ಜೋಪಾನವಾಗಿ ಹಿಡಿದುಕೊಂಡಿತು. ಹೊದಿಕೆಯ ಹೊಲಿಗೆ ಮಾತ್ರ ಬಿಚ್ಚಿತು. ಒಳಗಿನಿಂದ ನೀಲಿ ಹೂಗಳ ಬಟ್ಟೆ ಇಣುಕಿತು.

"ಅದು ನಂದಲ್ಲ ಅತ್ತಿಗೆ, ಮೇಲಿನ ಹೊದಿಕೆ ಮಾತ್ರ ನಾನು ಹೊಲ್ಕೊಟ್ಟಿದ್ದು," ಎಂದ ಬಂಡೆಯಿಂದ ಇಳಿದುಬಂದ ಟೈರ್ ಅಂಗಡಿಯವನು.

ಅಕ್ಕ ಹೂಗಳನ್ನು ಮುಟ್ಟಿ ನೋಡಿದಳು. ಹೋದ ಬೇಸಿಗೆಯಲ್ಲಿ ತಾರಸಿಯಿಂದ ಮರಳುಗಾಳಿ ಹೊತ್ತುಕೊಂಡು ಹೋಯಿತೆಂದು ಊರಿಗೆಲ್ಲ ಹೇಳಿಕೊಂಡು ಬಂದ ತನ್ನ ಹಾಸಿಗೆ! ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಗಾಳಿ ಹೊತ್ಕೊಂಡು ಹೋಯ್ತು ಅಂದಿದ್ದು ಯಾರು?"

"ಮೇಷ್ಟ್ರು ಬಾಯ್ಬಿಟ್ಟು ಕೇಳಿದ್ರು... ಇಲ್ಲ ಅನ್ನೋಕಾಗ್ಲಿಲ್ಲ," ಎಂದ ಅವನು, ಟ್ಯಾಂಕರಿನ ಚಕ್ರವನ್ನು ನೋಡುತ್ತ.

ಹಾಸಿಗೆಯನ್ನು ಟ್ಯಾಂಕರಿಗೇರಿಸಿ ಮೂವರೂ ಮನೆಗೆ ಮರಳಿದರು. ಅಕ್ಕನ ಬಾಗಿಲಲ್ಲಿ ಅವಳು ಹಾಸಿಗೆಯನ್ನು ಎರಡೂ ಕೈಯಿಂದ ಎತ್ತಿ ಕೊಟ್ಟಳು. "ತಗೊಳ್ಳಿ ಅಕ್ಕಾ. ಅವರು ನಿಮ್ಮ ಮನೆಯಿಂದ ತಂದಿದ್ದು. ತುಂಬಾ ಉಪಕಾರ ಆಯ್ತು."

ಅಕ್ಕ ತೆಗೆದುಕೊಂಡಳು. ಒಳಹೊಕ್ಕ ಗಂಡನ ಮುಖಕ್ಕೇ ಬಾಗಿಲು ಎಳೆದು, ಹಾಸಿಗೆಯನ್ನು ಹೆಗಲಿಗೇರಿಸಿ, ಸೀದಾ ಇವಳ ಮನೆಗೇ ನಡೆದಳು. "ಸುಳ್ಳನ ಮನೇಲಿ ಇನ್ನು ನಾನಿರಲ್ಲ. ನಿನ್ ಜೊತೇನೇ ಇರ್ತೀನಿ. ಸದ್ಯ, ಬೆನ್ನಿಗೊಂದು ಹಾಸಿಗೆನೂ ಸಿಕ್ತು."

ನಡುಮನೆಯಲ್ಲಿ ಹಾಸಿಗೆ ಬೆಳಿಗ್ಗೆ ಇದ್ದ ಜಾಗದಲ್ಲೇ ಹರಡಿಕೊಂಡಿತು. ಅವಳಿಗೆ ಅಳು ಒತ್ತರಿಸಿ ಬಂತು. ಬಾಯಿ ತೆರೆಯುವ ಮೊದಲೇ ಅಕ್ಕ ಗೊಳೋ ಎಂದು ಶುರುಮಾಡಿದಳು.

ಈ ಸಲ ಅವಳು ಸಮಾಧಾನ ಮಾಡಲಿಲ್ಲ. ಹಾಸಿಗೆಯ ಮೇಲೆ ಅಕ್ಕ ಸರಿದು ಬಿಟ್ಟ ಜಾಗದಲ್ಲಿ ಕೂತು ತಾನೂ ಅತ್ತಳು.