ಬ್ಯಾಸರದ ಖುರ್ಚಿ

"ಇದು ಬರೀ ಖುರ್ಚಿ ಅಲ್ರಿ, ಬ್ಯಾಸರದ ಖುರ್ಚಿ!" ಎಂದು ಗೂಳಪ್ಪ ಎದೆಯುಬ್ಬಿಸಿ ಪರದೆ ಎಳೆದ. ಮೋಟಾರು ರಿಪೇರಿ ಅಂಗಡಿಗೆ ಬೀಗ ಜಡಿದು, ತಿಂಗಳುಗಟ್ಟಲೆ ಬಡಿದಾಡಿ, ಹುಬ್ಬಳ್ಳಿಯ ತಮ್ಮ ಓಣಿಯ ಉದ್ಯಾನದಲ್ಲಿ ಅವನು ನಿಲ್ಲಿಸಿದ ಕಲಾಕೃತಿ ಅದು: ಬೇವಿನ ಮರದೆದುರು ಒಂದೇ ತಂತಿಗೆ ಕಟ್ಟಿದ ಎರಡು ಖುರ್ಚಿ, ನೆತ್ತಿಯ ಮೇಲೊಂದೊಂದು ತಗಡಿನ ಕಮಲ. ಏನೂ ಮಾಡದೆ ಮರ ನೋಡುತ್ತ ಕೂರಬೇಕು. ಬೇಸರ ಹದಕ್ಕೆ ಬಂದೊಡನೆ ಕಮಲ ಅರಳುತ್ತದೆ!

ಕಾರ್ಪೊರೇಟರ್ ಹೊಸಮನಿಯವರು ಮೊದಲು ಕೂತರು. ಬೆನ್ನು ತಾಗುವ ಮುಂಚೆಯೇ ಕಮಲ ಫಟ್ಟನೆ ಅರಳಿತು!

"ಭಾಳ ವರ್ಷದ ರೂಢಿ ನೋಡ್ರಿ," ಎಂದು ಹಿಂದಿನಿಂದ ಯಾರೋ ನಕ್ಕರು.

ಪಕ್ಕದ ಖುರ್ಚಿಯಲ್ಲಿ ಗೂಳಪ್ಪನ ಹೆಂಡತಿ ಶಂಕ್ರವ್ವ ಕೂತಳು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಮನೆ ನಡೆಸುವವಳು. ಹುಟ್ಟಿದಂದಿನಿಂದ ಅವಳಿಗೆ ಬೇಸರಪಡಲು ಪುರುಸೊತ್ತೇ ಸಿಕ್ಕಿರಲಿಲ್ಲ. ಉಳ್ಳವರು ಭೂಮಿಯ ಜೊತೆಗೆ ಬೇಸರವನ್ನೂ ತಮ್ಮ ಹೆಸರಿಗೇ ಬರೆಸಿಕೊಂಡಿದ್ದರು. ಒಮ್ಮೆ, ಒಂದೇ ಒಮ್ಮೆ, ಸುಮ್ಮನೆ ಕೂತು ಆ ಮರ ನೋಡಬೇಕೆಂಬುದು ಅವಳ ಆಸೆ.

ಅವಳ ಕಮಲ ಮಿಸುಕಲಿಲ್ಲ.

"ಕೈ ನೋಡ್ಕೋ!" ಗೂಳಪ್ಪ ಸಿಡುಕಿದ. ಅವಳ ಅಂಗೈಗಳು ತೊಡೆಯ ಮೇಲೆ ಪಟಪಟ ರೊಟ್ಟಿ ಬಡಿಯುತ್ತಿದ್ದವು! "ಕೆಲಸ ಮಾಡಿದ್ರ ಮಷಿನ್ನಿಗೆ ತಿಳೀತದ."

"ನಾ ಕೂತ್ರೂ ಇವು ಕೂಡೂದಿಲ್ರಿ. ನನ್ನ ಬದಲಿ ನಿಮ್ಮ ಖುರ್ಚೀನ ರೊಟ್ಟಿ ಬಡೀಬಾರದ್ಯಾಕ?"

ಗೂಳಪ್ಪನ ಕಣ್ಣು ಮಿಂಚಿತು. ಸ್ಕ್ರೂಡ್ರೈವರ್ ಹಿರಿದು, ತಂತಿ ತಿರುವುಮುರುವು ಮಾಡಿ, ತುದಿಯನ್ನು ಅವಳ ಮಣಿಕಟ್ಟಿಗೆ ಸುತ್ತಿದ. "ಇನ್ನ ನಿನ್ನ ಕೈಯಾಗಿನ ಕೆಲಸ ಎಲ್ಲಾ ಖುರ್ಚಿ ಎಳಕೋತದ!"

ಎಳೆದುಕೊಂಡಿತು. ಆದರೆ ತಂತಿಯ ಇನ್ನೊಂದು ತುದಿ ಪಕ್ಕದ ಖುರ್ಚಿಯಲ್ಲಿತ್ತು! ಅದರ ತೋಳುಗಳು ಮೇಲೆದ್ದು ಹೊಸಮನಿಯವರ ಹೊಟ್ಟೆಯನ್ನು ಪಟಪಟ ಬಡಿಯತೊಡಗಿದವು. ರೊಟ್ಟಿಯ ಹಾಗೆ, ಅಂಚು ಸೀಳದಂತೆ ಸುತ್ತಲೂ ತಟ್ಟಿದವು!

"ಅಯ್ಯಯ್ಯೋ! ಬಿಡಿಸ್ರೋ!"

"ಶಂಕ್ರವ್ವಾ, ಏಳ! ನೀ ಎದ್ರ ಅದು ನಿಂದರತದ!" ಗೂಳಪ್ಪ ಕೂಗಿದ.

ಶಂಕ್ರವ್ವ ತನ್ನ ಕೈಗಳನ್ನು ನೋಡಿಕೊಂಡಳು. ಹಾಲು ಕುಡಿದು ಮಲಗಿದ ಕೂಸುಗಳ ಹಾಗೆ ಎರಡೂ ತೊಡೆಯ ಮೇಲೆ ಒರಗಿದ್ದವು. ಬೇವಿನ ಕೊಂಬೆಯಲ್ಲೊಂದು ಅಳಿಲು ತನ್ನ ಬಾಲ ತಾನೇ ಬಾಚಿಕೊಳ್ಳುತ್ತಿತ್ತು. ಇಷ್ಟು ವರ್ಷ ರೊಟ್ಟಿ ಬುಟ್ಟಿ ಹೊತ್ತು ಇದರ ಕೆಳಗೇ ಹಾದುಹೋದವಳಿಗೆ ಮರದ ಬುಡವಷ್ಟೇ ಗೊತ್ತಿತ್ತು. ಎದೆಯಲ್ಲಿ ಏನೋ ಸಡಿಲಾಯಿತು. ನೆತ್ತಿಯ ಮೇಲೆ ತಗಡಿನ ಒಂದು ಎಸಳು ಮೆಲ್ಲಗೆ ಬಿಚ್ಚಿತು.

"ಏಳ ಮಾರಾಯ್ತಿ! ಸಾಹೇಬ್ರು ಚಪ್ಪಟಿ ಆದ್ರು!"

"ತಡೀರಿ, ಈಗಷ್ಟ ಬ್ಯಾಸರ ಬರಾಕತ್ತದ," ಎಂದಳು ಶಂಕ್ರವ್ವ, ಅಳಿಲಿನಿಂದ ಕಣ್ಣು ಕೀಳದೆ. "ಮತ್ತ, ಸಾಹೇಬ್ರ ರೊಟ್ಟೀನೂ ಇನ್ನೂ ಒಂದ ಮಗ್ಗಲಾ ಆಗೇದ."